20 ಇಂಚಿನ ಫೋಲ್ಡಿಂಗ್ ಸೈಕಲಿಗೆ ಮೋಟರ್: ಮಣಿಪಾಲದ ಏರಿಗೆ ಮುಂದಿನ ಚಕ್ರವೋ, ಹಿಂದಿನದ್ದೋ?

ಇಂದ್ರಾಳಿ_ಪ್ಲಾಟ್‌ಫಾರ್ಮ್:
ಸ್ಟೀಲ್ ಫ್ರೇಮಿನ ಸಾದಾ ಫೋಲ್ಡಿಂಗ್ ಸೈಕಲ್ ಉಂಟು. 20 ಇಂಚು ಚಕ್ರ, ಹಿಂದೆ 7 ಸ್ಪೀಡ್, ವಿ-ಬ್ರೇಕ್, ತೂಕ ಸುಮಾರು 15 ಕೆ.ಜಿ. ಇಂದ್ರಾಳಿಯ ಉಡುಪಿ ಸ್ಟೇಷನ್ನಿಂದ ಬೆಳಿಗ್ಗೆ ಮಣಿಪಾಲಕ್ಕೆ ಹತ್ತಬೇಕು, ಸಂಜೆ ಇಳಿಯಬೇಕು, ಮಳೆಗಾಲದಲ್ಲೂ. 36 ವೋಲ್ಟ್, 250 ವ್ಯಾಟಿನ ಮುಂದಿನ ಹಬ್ ಕಿಟ್ (ಚಕ್ರದ ನಡುವೆಯೇ ಮೋಟರ್ ಇರುವಂಥದ್ದು) ಕಡಿಮೆ ರೇಟಿಗೆ ಸಿಗ್ತದೆ. ಅದನ್ನೇ ಹಾಕಬಹುದಾ? ಬ್ಯಾಟರಿ 10 ಎಎಚ್ (ಆಂಪಿಯರ್-ಅವರ್) ಬೇಕೇ ಬೇಕಾ? ಆರ್‌ಟಿಓ ತಂಟೆ ಏನಾದರೂ ಉಂಟಾ?

ಗುಡ್ಡೆಪೆಡಲ್:
ಆರ್ಡರ್ ಮಾಡುವ ಮೊದಲು ಒಂದು ಸ್ಕೇಲ್ ತಗೊಳ್ಳಿ. ಮುಂದಿನ ಫೋರ್ಕಿನ ಎರಡು ಕಾಲುಗಳ ನಡುವೆ ಆಕ್ಸಲ್ ಕೂರುವಲ್ಲಿ ಎಷ್ಟು ಅಗಲ ನೋಡಿ. ಸಾಮಾನ್ಯ ಸೈಕಲಿಗೆ 100 ಮಿ.ಮೀ., ಆದರೆ ಕೆಲವು ಫೋಲ್ಡಿಂಗ್‌ಗಳಲ್ಲಿ ಬರೀ 74. 74 ಇದ್ದರೆ ಮಾಮೂಲಿ ಕಿಟ್ಟಿನ ಕತೆ ಅಲ್ಲಿಗೇ ಮುಗೀತು.

100 ಇದ್ದರೂ ನಿಮ್ಮ ರೂಟಿಗೆ ಮುಂದಿನ ಹಬ್ ಬೇಡ ಮಾರಾಯ್ರೆ. ಏರಿನಲ್ಲಿ ಭಾರ ಎಲ್ಲ ಹಿಂದಕ್ಕೆ ಹೋಗ್ತದೆ, ಮುಂದಿನ ಚಕ್ರ ಹಗುರ ಆಗ್ತದೆ. ಜುಲೈಯಲ್ಲಿ ರಸ್ತೆಯ ಅಂಚಿಗೆ ಪಾಚಿ ಕಟ್ಟಿದ ಜಾಗದಲ್ಲಿ ಪವರ್ ಕೊಟ್ಟರೆ ಚಕ್ರ ನಿಂತಲ್ಲೇ ಗಿರ್ರನೆ ತಿರುಗಿ ಹ್ಯಾಂಡಲ್ ಪಕ್ಕಕ್ಕೆ ಎಳೀತದೆ. ಹಿಂದಿನ ಚಕ್ರ ಜಾರಿದರೆ ಸುಧಾರಿಸಿಕೊಳ್ಳಬಹುದು, ಮುಂದಿನದು ಜಾರಿದರೆ ಬಿದ್ದೇ ಬೀಳೋದು.

ಹಿಂದಿನ ಕಿಟ್ಟಿಗೆ 135 ಮಿ.ಮೀ. ಅಗಲ ಬೇಕು. ಕಡಿಮೆ ಬೆಲೆಯ ಫ್ರೇಮುಗಳಲ್ಲಿ 130 ಇರುವುದುಂಟು. ನಿಮ್ಮದು ಸ್ಟೀಲ್ ಆದ ಕಾರಣ ಎರಡೂ ಬದಿ ಸಮನಾಗಿ ಎಳೆದು 5 ಮಿ.ಮೀ. ಅಗಲಿಸಬಹುದು. ಅಲ್ಯುಮಿನಿಯಂ ಆಗಿದ್ದರೆ ಆ ಕೆಲಸಕ್ಕೆ ಕೈ ಹಾಕ್ಲಿಕ್ಕೇ ಇಲ್ಲ, ಬಿರುಕು ಬಿಡ್ತದೆ. ಈಗಿನ ಗಿಯರ್ ಹಲ್ಲುಗಳ ಗೊಂಚಲು ತಿರುಪಿನಿಂದ ಕೂರುವ ಫ್ರೀವೀಲ್ ಆದರೆ ಬಿಚ್ಚಿ ಮೋಟರಿಗೇ ಹಾಕಬಹುದು.

ಒಳಗೆ ಹಲ್ಲುಚಕ್ರ ಇರುವ ಗಿಯರ್ಡ್ ಹಬ್ಬೇ ತಗೊಳ್ಳಿ, ಮೋಟರೇ ನೇರ ಚಕ್ರ ತಿರುಗಿಸುವ ಡೈರೆಕ್ಟ್ ಡ್ರೈವ್ ಬೇಡ. ಇನ್ನೊಂದು ವಿಷಯ ಅಂಗಡಿಯವರು ಹೇಳುವುದಿಲ್ಲ: ಮೋಟರಿನ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಕೇಳಿ. 20 ಇಂಚಿನ ಚಕ್ರದ ಸುತ್ತಳತೆ ಸುಮಾರು 1.5 ಮೀಟರ್. ಗಂಟೆಗೆ 25 ಕಿ.ಮೀ. ಓಡಲಿಕ್ಕೆ 275 ಆರ್‌ಪಿಎಂ ಬೇಕು. 26 ಇಂಚಿಗೆಂದು ಸುತ್ತಿದ 200 ಆರ್‌ಪಿಎಂ ಮೋಟರ್ ನಿಮ್ಮ ಚಕ್ರದಲ್ಲಿ 18ಕ್ಕೇ ನಿಲ್ತದೆ. ಸಪಾಟು ರಸ್ತೆಯಲ್ಲಿ ಬೇಜಾರು, ಏರಿಗೆ ಅದೇ ಬೇಕು. ನೀವು, ಸೈಕಲ್, ಚೀಲ ಎಲ್ಲ ಸೇರಿ 100 ಕೆ.ಜಿ. ಅಂತಿಟ್ಟುಕೊಳ್ಳಿ. ನೂರು ಮೀಟರಿಗೆ 8 ಮೀಟರ್ ಏರುವಲ್ಲಿ ಗಂಟೆಗೆ 12 ಕಿ.ಮೀ. ಹೋಗಲಿಕ್ಕೆ ಚಕ್ರಕ್ಕೆ 280 ವ್ಯಾಟ್ ಹತ್ತಿರ ಬೇಕು. ನೀವು ತುಳಿದು 80 ಕೊಟ್ಟರೆ ಮೋಟರಿಗೆ 200 ಉಳೀತದೆ, ಆರಾಮ. ತುಳಿಯದೆ ಕೂತರೆ ವೇಗ ಇಳಿದು, ಕರೆಂಟು ಶಾಖವಾಗಿ ಹೋಗಿ, ಒಳಗಿನ ನೈಲಾನ್ ಹಲ್ಲುಚಕ್ರ ಸವೀತದೆ. ಮೋಟರ್ ಸದ್ದು ಮಾಡ್ತದೆ, ಚಕ್ರ ತಿರುಗುವುದಿಲ್ಲ ಅಂತಾದರೆ ಹೆಚ್ಚಾಗಿ ಹಲ್ಲು ಹೋಗಿರ್ತದೆ.

ಕಡ್ಡಿ ಕಟ್ಟಿ ರೆಡಿ ಇರುವ ಚಕ್ರವನ್ನೇ ತರಿಸಿ. ನಿಮ್ಮ ಟಯರಿನ ಮೇಲೆ 406 ಅಂತ ಉಂಟಾ, 451 ಅಂತ ಉಂಟಾ ನೋಡಿ. ಎರಡನ್ನೂ 20 ಇಂಚು ಅಂತಲೇ ಮಾರ್ತಾರೆ, ಒಂದರ ಟಯರ್ ಇನ್ನೊಂದಕ್ಕೆ ಕೂರುವುದಿಲ್ಲ.

ಸೋಲ್ಡರ್_ಅಣ್ಣ:
ಬ್ಯಾಟರಿ ಲೆಕ್ಕ ನಾನು ಹೇಳ್ತೇನೆ. 50 ಮೀಟರ್ ಎತ್ತರ ಹತ್ತಲಿಕ್ಕೆ ಆ 100 ಕೆ.ಜಿ.ಗೆ ಸುಮಾರು 14 ವ್ಯಾಟ್-ಅವರ್. ಮೋಟರಿನ ನಷ್ಟ ಸೇರಿಸಿ ಬ್ಯಾಟರಿಯಿಂದ 20 ಅಂತ ಹಿಡೀರಿ. ಹಾಗಾಗಿ ನಿಮ್ಮ ದೂರಕ್ಕೆ 360 ವ್ಯಾಟ್-ಅವರಿನ 10 ಎಎಚ್ ಪ್ಯಾಕ್ ಹೊತ್ತು ತಿರುಗುವ ಅಗತ್ಯ ಇಲ್ಲ.

ಹಾಗಂತ ತೀರಾ ಸಣ್ಣದೂ ಆಗುವುದಿಲ್ಲ. 10ಎಸ್2ಪಿ, ಅಂದರೆ ಎರಡೆರಡರಂತೆ ಹತ್ತು ಸಾಲು ಕಟ್ಟಿದ 2.5 ಎಎಚ್‌ನ 20 ಸೆಲ್ಲು, ದೂರಕ್ಕೆ ಸಾಕು, ಏರಿಗೆ ಸಾಲುವುದಿಲ್ಲ. ಮೋಟರಿಗೆ ಕರೆಂಟ್ ಅಳೆದು ಕೊಡುವ ಕಂಟ್ರೋಲರ್ 12 ಆಂಪಿಯರ್ ಎಳೆದರೆ ಒಂದೊಂದು ಸೆಲ್ಲಿನ ಮೇಲೆ 6 ಬೀಳ್ತದೆ. ಮಾಮೂಲಿ ಸೆಲ್ಲಿನಲ್ಲಿ ಪ್ಯಾಕಿನ ವೋಲ್ಟೇಜ್ 3 ವೋಲ್ಟಿನಷ್ಟು ಕುಸೀತದೆ. ಅರ್ಧ ಖಾಲಿಯಾದ ಮೇಲೆ ಆ ಕುಸಿತ ಕಂಟ್ರೋಲರ್ ತಾನಾಗಿ ಬಂದ್ ಆಗುವ ಕಟಾಫ್ ವೋಲ್ಟೇಜಿನ ಹತ್ತಿರ ಹೋಗಿ, ಸರಿಯಾಗಿ ಕಡಿದಾದ ಜಾಗದಲ್ಲೇ ಆಫ್. ಸಪಾಟಿಗೆ ಬಂದ ಮೇಲೆ ಪುನಃ ಆನ್. ಜನ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್) ಹಾಳಾಯಿತು ಅಂತ ಅದನ್ನು ಬದಲಿಸ್ತಾರೆ, ಪಾಪ. 10ಎಸ್3ಪಿ ಹಾಕಿ: 30 ಸೆಲ್, 7.5 ಎಎಚ್, 270 ವ್ಯಾಟ್-ಅವರ್, ಕೇಸ್ ಸೇರಿ 2 ಕೆ.ಜಿ. ಒಳಗೆ.

ಪ್ಯಾಕ್ ಕೈಗೆ ಬಂದಾಗ ಫುಲ್ ಚಾರ್ಜ್ ಮಾಡಿ ಮೀಟರ್ ಹಿಡೀರಿ, 42 ವೋಲ್ಟ್ ತೋರಿಸಬೇಕು. ಪ್ರತಿ ಸಾಲಿನಿಂದ ಬರುವ ಸಪೂರ ಬ್ಯಾಲೆನ್ಸ್ ವಯರಿನಲ್ಲಿ ಹತ್ತೂ ಸಾಲನ್ನು ಅಳೆಯಿರಿ. ಒಂದು ಸಾಲು 4.05, ಉಳಿದವು 4.18 ಅಂತ ಬಂದರೆ ವಾಪಸ್ ಕಳಿಸಿ. ಹಳೇ ಲ್ಯಾಪ್‌ಟಾಪಿನ ಸೆಲ್ ಕಟ್ಟಿ ಕೊಡುವವರ ಹತ್ತಿರ ಹೋಗಲೇಬೇಡಿ. ಮಳೆಯಲ್ಲಿ ನೆನೆದು ಬಂದ ಕೂಡಲೇ ಚಾರ್ಜಿಗೆ ಹಾಕಬೇಡಿ, ಸಾಕೆಟ್ ಒರೆಸಿ, ಒಣಗಿಸಿ, ಆಮೇಲೆ.

ಇಂದ್ರಾಳಿ_ಪ್ಲಾಟ್‌ಫಾರ್ಮ್:
ಫೋರ್ಕ್ 100, ಹಿಂದೆ 132 ಬಂತು. ಟಯರ್ 406. ಹಾಗಾದರೆ ಹಿಂದಿನದ್ದೇ. ಮಡಚುವಾಗ ವಯರ್ ಎಲ್ಲಿ ಹೋಗ್ತದೆ ಅಂತ ಮಾತ್ರ ಗೊತ್ತಾಗ್ತಾ ಇಲ್ಲ.

ಕಡಲಕರೆ:
ಹಿಂದಿನ ಹಬ್ಬಿನ ದೊಡ್ಡ ಲಾಭವೇ ಅದು. ಬ್ಯಾಟರಿ, ಕಂಟ್ರೋಲರ್ ಎರಡನ್ನೂ ಸೀಟಿನ ಕಂಬದ ಹಿಂದಿನ ಚೀಲದಲ್ಲಿ ಇಟ್ಟರೆ ದಪ್ಪ ವಯರ್ ಯಾವುದೂ ಮಡಿಕೆ ದಾಟುವುದಿಲ್ಲ. ಡಿಸ್‌ಪ್ಲೇ ಮತ್ತು ಬ್ರೇಕ್ ಕಟಾಫಿನ (ಬ್ರೇಕ್ ಹಿಡಿದ ಕೂಡಲೇ ಮೋಟರ್ ನಿಲ್ಲಿಸುವ ಸ್ವಿಚ್ಚಿನ) ಸಪೂರ ವಯರ್ ಮಾತ್ರ ಮುಂದಕ್ಕೆ ಹೋಗ್ತದೆ. ಅದನ್ನು ಲಾಕ್ ಇರುವ ಬದಿಯಲ್ಲಿ ತರಬೇಡಿ, ಮಡಚುವಾಗ ಅಲ್ಲಿ ಬಾಯಿ ಅಗಲ ಆಗಿ ವಯರ್ ಜಗ್ಗುತ್ತದೆ. ಹಿಂಜಿನ ಪಿನ್ನಿಗೆ ತಾಗಿಕೊಂಡು ತನ್ನಿ, ಅಲ್ಲಿ ಉದ್ದ ಹೆಚ್ಚುಕಮ್ಮಿ ಆಗುವುದೇ ಇಲ್ಲ. ಟೈ ಬಿಗಿಯುವ ಮೊದಲು ಹತ್ತು ಸಲ ಮಡಚಿ ಬಿಡಿಸಿ ನೋಡಿ.

ಆಕ್ಸಲಿಗೆ ಟಾರ್ಕ್ ಆರ್ಮ್ (ಆಕ್ಸಲ್ ತಿರುಗದಂತೆ ಫ್ರೇಮಿಗೆ ಹಿಡಿದಿಡುವ ಪಟ್ಟಿ) ಕಡ್ಡಾಯ. ನಟ್ ಸಡಿಲಾಗಿ ಆಕ್ಸಲ್ ಒಂದು ಸುತ್ತು ಹೊಡೆದರೆ ಮೋಟರಿನ ವಯರ್ ತುಂಡಾಗಿ, ಶಾರ್ಟ್ ಆಗಿ, ಕಂಟ್ರೋಲರೂ ಹೋಗ್ತದೆ. ಮೊದಲ 50 ಕಿ.ಮೀ. ಆದ ಮೇಲೆ ಪುನಃ ಸ್ಪ್ಯಾನರ್ ಹಾಕಿ. ವಯರ್ ಹೊರಬರುವ ತೂತು ಕೆಳಮುಖ ಇರಲಿ. ವಯರ್ ಆಕ್ಸಲಿಗಿಂತ ಕೆಳಗೆ ಇಳಿದು ಮೇಲೆ ಹೋಗುವ ಹಾಗೆ ಕಟ್ಟಿ, ನೀರು ಅಲ್ಲೇ ತೊಟ್ಟಿಕ್ಕಿ ಬೀಳ್ತದೆ. ಇಲ್ಲದಿದ್ದರೆ ಸೀದಾ ಮೋಟರಿನ ತಿರುಗುವಿಕೆ ಗುರುತಿಸುವ ಒಳಗಿನ ಹಾಲ್ ಸೆನ್ಸರಿಗೆ, ಆಮೇಲೆ ಮೋಟರ್ ನಡುಗ್ಲಿಕ್ಕೆ ಶುರು. ಕಂಟ್ರೋಲರನ್ನು ಸಿಲಿಕಾನ್ ಮೆತ್ತಿ ಪೂರ್ತಿ ಮುಚ್ಚಬೇಡಿ, ಒಳಗೆ ಬೆವರಿ ನೀರು ನಿಲ್ತದೆ. ಕೆಳಗೆ ಒಂದು ತೂತು ಬಿಡಿ. ನಮ್ಮ ಉಪ್ಪುಗಾಳಿಗೆ ಕನೆಕ್ಟರಿನ ಪಿನ್ನು ಕಿಲುಬು ಹಿಡೀತದೆ. ನೀರು ತಡೆಯುವ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿ, ಮಳೆಗಾಲ ಮುಗಿದ ಮೇಲೆ ಬಿಚ್ಚಿ ಒರೆಸಿ ಪುನಃ ಹಚ್ಚಿ.

ಸಂಜೆಯ ಇಳಿಜಾರನ್ನು ಯಾರೂ ಕೇಳಲಿಲ್ಲ. ಗಿಯರ್ಡ್ ಹಬ್ ಇಳಿಯುವಾಗ ಹಿಡಿಯುವುದಿಲ್ಲ, ಎಲ್ಲ ಭಾರ ಬ್ರೇಕಿನ ಮೇಲೆ. ಕೆಂಪು ಮಣ್ಣಿನ ಕೆಸರು ರಿಮ್ಮಿಗೆ ಉಪ್ಪುಕಾಗದ ಇದ್ದ ಹಾಗೆ. ವಾರಕ್ಕೊಮ್ಮೆ ಬ್ರೇಕ್ ಪ್ಯಾಡಿನಲ್ಲಿ ಕೂತ ಕಲ್ಲಿನ ಚೂರನ್ನು ಪಿನ್ನಿನಿಂದ ಕೀಳಿ.

ಗುಡ್ಡೆಪೆಡಲ್:
132 ಸಾಕು, ಕೈಯಲ್ಲೇ ಅಗಲಿಸಿ ಕೂರಿಸಬಹುದು.

ಆರ್‌ಟಿಓ ವಿಷಯ: ಪೆಡಲ್ ಜತೆ ಸಹಾಯ ಮಾಡುವ ಸೈಕಲಿನ ಮೋಟರಿನ 30 ನಿಮಿಷದ ಪವರ್ (ಅರ್ಧ ಗಂಟೆ ಸತತ ಕೊಡಬಲ್ಲ ಪವರ್) 250 ವ್ಯಾಟಿಗಿಂತ ಕಡಿಮೆ ಇರಬೇಕು, ಬ್ಯಾಟರಿ ಬಿಟ್ಟು ತೂಕ 60 ಕೆ.ಜಿ. ದಾಟಬಾರದು, 25 ಕಿ.ಮೀ. ವೇಗಕ್ಕೆ ಬಂದಾಗ ಅಥವಾ ತುಳಿಯುವುದು ನಿಲ್ಲಿಸಿದಾಗ ಮೋಟರ್ ನಿಲ್ಲಬೇಕು. ಅಷ್ಟಿದ್ದು, ಮಾನ್ಯತೆ ಪಡೆದ ಪರೀಕ್ಷಾ ಸಂಸ್ಥೆ ಅದನ್ನು ಒಪ್ಪಿದ್ದರೆ ಅದು ಮೋಟಾರು ವಾಹನದ ಲೆಕ್ಕಕ್ಕೆ ಬರುವುದಿಲ್ಲ, ನೋಂದಣಿ, ಲೈಸೆನ್ಸ್ ಬೇಡ. ಆದ್ದರಿಂದ ತುಳಿಯುವುದನ್ನು ಗುರುತಿಸುವ ಪೆಡಲ್ ಸೆನ್ಸರ್ ಇರುವ ಕಿಟ್ಟನ್ನೇ ತಗೊಳ್ಳಿ. ಸೆನ್ಸರಿಗೂ ಮ್ಯಾಗ್ನೆಟ್ ರಿಂಗಿಗೂ ನಡುವೆ 3 ಮಿ.ಮೀ.ಗಿಂತ ಹೆಚ್ಚು ಸಂದು ಬೇಡ. ತುಳಿದರೂ ಮೋಟರ್ ಎತ್ತುವುದಿಲ್ಲ, ಹಿಂದಕ್ಕೆ ತುಳಿದಾಗ ಮಾತ್ರ ಎತ್ತುತ್ತದೆ ಅಂತಾದರೆ ಏನೂ ಹಾಳಾಗಿಲ್ಲ, ರಿಂಗನ್ನು ತಿರುಗಿಸಿ ಹಾಕಿ.