15 ಲಕ್ಷ ಇದೆ, ಸೈಟ್ ತಗೊಳ್ಳೋದು ಸರಿನಾ?

ವಿಜಯನಗರದ ಬಾಡಿಗೆದಾರ:
ನಮಸ್ಕಾರ. ಹೂಡಿಕೆಗೆ ಇದು ನನ್ನ ಮೊದಲ ಸಲ. ಮಾಗಡಿ ರಸ್ತೆ ಕಡೆ ಒಂದು ರೆವಿನ್ಯೂ ಸೈಟ್ ತೋರಿಸಿದ್ದಾರೆ. ಬ್ರೋಕರ್ ಈ ವಾರವೇ ಅಡ್ವಾನ್ಸ್ ಕೊಡಿ ಅಂತಿದ್ದಾರೆ. ಎಲ್ಲಿಂದ ಶುರು ಮಾಡಲಿ?

ಹಳೇ ಯಲಹಂಕ:
ದಯವಿಟ್ಟು ಈಗಲೇ ಅಡ್ವಾನ್ಸ್ ಕೊಡಬೇಡಿ. ಕೃಷಿ ಜಮೀನನ್ನು ಭೂ ಪರಿವರ್ತನೆ (ಕೃಷಿಯೇತರ ಬಳಕೆಗೆ ಸರ್ಕಾರದ ಅನುಮತಿ) ಮಾಡಿಸದೆ ತುಂಡು ಮಾಡಿ ಮಾರಿದ್ದನ್ನೇ ಸಾಮಾನ್ಯವಾಗಿ ರೆವಿನ್ಯೂ ಸೈಟ್ ಅನ್ನೋದು, ಅದಕ್ಕೆ ಬ್ಯಾಂಕ್ ಸಾಲ ಸಿಗೋದು ಕಷ್ಟ, ನಾಳೆ ನೀವು ಮಾರಲು ಹೋದರೂ ಕೊಳ್ಳುವವರು ಅದನ್ನೇ ಕೇಳುತ್ತಾರೆ ಅಲ್ವಾ? ಮೂಲ ಪತ್ರ, 30 ವರ್ಷದ ಇಸಿ (ಆಸ್ತಿ ಮೇಲಿನ ಸಾಲ, ವಹಿವಾಟು ತೋರಿಸುವ ಋಣಭಾರ ಪತ್ರ), ಪರಿವರ್ತನೆ ಆದೇಶ, ಲೇಔಟ್ ಮಂಜೂರಾತಿ ನಕ್ಷೆ, ಇ-ಖಾತಾ (ಆಸ್ತಿಯ ಡಿಜಿಟಲ್ ಖಾತಾ) ಎಲ್ಲ ಕೇಳಿ. ಇಸಿಗೆ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ನೀವೇ ಅರ್ಜಿ ಹಾಕಬಹುದು. ಬ್ರೋಕರ್ ಹೇಳಿದ ಲಾಯರ್ ಬೇಡ, ನಿಮ್ಮವರನ್ನೇ ಹಿಡಿಯಿರಿ. ದೊಡ್ಡ ಲೇಔಟ್ ಆದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರ್ ಕೂಡ ನೋಡಿ.

ಲೆಕ್ಕದ ಮೇಷ್ಟ್ರು:
ಖರ್ಚು ಮರೆಯಬೇಡಿ. ಸೈಟಿಗೆ ಮುದ್ರಾಂಕ ಶುಲ್ಕ 5%, ಮೇಲೆ ಸೆಸ್. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1% ಇದ್ದದ್ದು 2% ಆಗಿದೆ. 15 ಲಕ್ಷವನ್ನೂ ಸೈಟಿಗೇ ಸುರಿದರೆ ಇದಕ್ಕೆ ಸಾಲ ಮಾಡಬೇಕಾಗುತ್ತದೆ.

ಜಯನಗರ 4ನೇ ಬ್ಲಾಕ್:
ಜಮೀನೇ ಬೇಕು ಅಂತಿಲ್ಲದಿದ್ದರೆ ರೀಟ್ (ಹಲವರ ಹಣ ಸೇರಿಸಿ ಬಾಡಿಗೆ ಬರುವ ಕಟ್ಟಡಗಳಲ್ಲಿ ಹೂಡುವ ಟ್ರಸ್ಟ್) ನೋಡಿ. ಎಂಬೆಸಿ ಆಫೀಸ್ ಪಾರ್ಕ್ಸ್ 2019ರಲ್ಲಿ ದೇಶದ ಮೊದಲ ರೀಟ್ ಆಗಿ ಷೇರುಪೇಟೆಗೆ ಬಂತು. ಒಂದೇ ಯೂನಿಟ್ ಕೂಡ ಕೊಳ್ಳಬಹುದು. ಹಂಚಬಹುದಾದ ಹಣದಲ್ಲಿ ಕನಿಷ್ಠ 90% ಹೂಡಿದವರಿಗೆ ಕೊಡಬೇಕು ಅನ್ನೋದು ಷೇರುಪೇಟೆ ನಿಯಂತ್ರಕ ಸೆಬಿಯ ನಿಯಮ. ಬೆಲೆ ಏರಿಳಿತ ಇದ್ದೇ ಇರುತ್ತದೆ, ಆದರೆ ಬೇಕಾದಾಗ ಮಾರಬಹುದು.

ವಿಜಯನಗರದ ಬಾಡಿಗೆದಾರ:
ತುಂಬಾ ಥ್ಯಾಂಕ್ಸ್. ಪರಿವರ್ತನೆ ಆದೇಶ ತೋರಿಸಿ ಅಂತ ಬ್ರೋಕರ್‌ಗೆ ಈಗಲೇ ಹೇಳುತ್ತೇನೆ.