ಅಂಚು ಕಚ್ಚಿದ ನಾಣ್ಯ, ಜೋಡಿ ಕಾಣುವ ಅಂಕಿ: ಟಂಕಸಾಲೆಯ ತಪ್ಪೋ, ಆಮೇಲಿನ ಪೆಟ್ಟೋ?

ಕಾಸುಗಣ್ಣು:
ಒಂದೇ ಬಗೆಯ ಎರಡು ನಾಣ್ಯಗಳ ಬಗ್ಗೆ ಕೇಳಬೇಕಿತ್ತು. ವ್ಯಾಸ 25 ಮಿ.ಮೀ., ಇರಬೇಕಾದ ತೂಕ 5.00 ಗ್ರಾಂ. ಮೊದಲನೆಯದರ ಅಂಚಿನಲ್ಲಿ ಕಮಾನಿನಂತೆ ಒಂದು ತುಂಡೇ ಇಲ್ಲ. ಅಂಚಿನಿಂದ ಒಳಕ್ಕೆ 3 ಮಿ.ಮೀ., ಬಾಯಿ ಅಗಲ 12 ಮಿ.ಮೀ., ತೂಕ 4.76. ಎರಡನೆಯದರ ತೂಕ ಸರಿಯಿದೆ, ಆದರೆ ಇಸವಿಯೂ ಪಕ್ಕದ ಅಕ್ಷರಗಳೂ ಒಂದೇ ದಿಕ್ಕಿಗೆ ಜೋಡಿಜೋಡಿಯಾಗಿ ಕಾಣುತ್ತವೆ. ತೂಕ ಕಡಿಮೆ ಬಂದಿರುವುದರಿಂದ ಮೊದಲನೆಯದು ಅಸಲಿ ಕ್ಲಿಪ್, ಅಂದರೆ ಟಂಕಸಾಲೆಯಲ್ಲೇ ಆದ ಕಡಿತ, ಅನ್ನಬಹುದೇ? ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ಭೂತಗನ್ನಡಿ) ಕೈಯಲ್ಲಿದೆ.

ಬಿಲ್ಲೆಗಾರ:
ತೂಕ ಇಲ್ಲಿ ಏನನ್ನೂ ತೀರ್ಮಾನಿಸುವುದಿಲ್ಲ. ನೀವು ಕೊಟ್ಟ ಅಳತೆಗೆ ಸುಮಾರು ಶೇ. 5ರಷ್ಟು ಲೋಹ ಹೋಗಬೇಕು, ಹೋಗಿದೆ. ಅಷ್ಟೇ ತುಂಡನ್ನು ನಾಣ್ಯವಾದ ಮೇಲೆ ಅರದಿಂದ ಉಜ್ಜಿ ತೆಗೆದರೂ ತಕ್ಕಡಿ ಅದನ್ನೇ ತೋರಿಸುತ್ತದೆ.

ನೋಡಬೇಕಾದದ್ದು ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದನ್ನು. ಲೋಹದ ಪಟ್ಟಿ ಸಾಕಷ್ಟು ಮುಂದೆ ಸರಿಯದೆ ಕತ್ತರಿಸುವ ಪಂಚ್ ಹಿಂದಿನ ತೂತಿನ ಮೇಲೇ ಬಿದ್ದರೆ ಬಿಲ್ಲೆಗೆ (ಇನ್ನೂ ಅಚ್ಚು ಒತ್ತದ ದುಂಡು ತುಂಡಿಗೆ) ಹೀಗೆ ಕಮಾನು ಕಡಿತ ಬರುತ್ತದೆ. ಆ ಬಿಲ್ಲೆ ಆಮೇಲೆ ಅಂಚು ಎಬ್ಬಿಸುವ ಯಂತ್ರಕ್ಕೆ, ಅಲ್ಲಿಂದ ಅಚ್ಚಿಗೆ ಹೋಗುತ್ತದೆ. ಕಡಿತ ಮೊದಲೇ ಇದ್ದರೆ ಈ ಎರಡು ಹಂತಗಳೂ ಅದರ ಸುತ್ತ ಗುರುತು ಬಿಟ್ಟಿರಲೇಬೇಕು.

ಅಚ್ಚು ಒತ್ತಿದಾಗ ಲೋಹ ಖಾಲಿ ಜಾಗದತ್ತ ಹರಿಯುತ್ತದೆ. ಹಾಗಾಗಿ ಕಡಿತದ ಪಕ್ಕದ ಅಕ್ಷರಗಳು ಆ ಕಡೆಗೆ ಎಳೆದುಕೊಂಡು ಮಸುಕಾಗಿರುತ್ತವೆ, ರಿಮ್ (ಅಂಚಿನ ಉಬ್ಬು ಪಟ್ಟಿ) ಕಡಿತದ ಹತ್ತಿರ ಬರುತ್ತಾ ಸಣ್ಣದಾಗಿ ಕರಗಿಹೋಗುತ್ತದೆ. ರಿಮ್ ಪೂರ್ತಿ ಎತ್ತರದಲ್ಲೇ ಬಂದು ತಟ್ಟನೆ ನಿಂತಿದ್ದರೆ, ಅಕ್ಷರ ನಡುವೆ ಚೂಪಾಗಿ ಕತ್ತರಿಸಿಹೋಗಿದ್ದರೆ ಅದು ಆಮೇಲಿನ ಕೈಚಳಕ. ಕಡಿತದ ಗೋಡೆಯ ಮೇಲೆ ಸಮಾನಾಂತರ ಗೀರುಗಳಿದ್ದರೂ ಅಷ್ಟೇ.

ಕಡಿತಕ್ಕೆ ನೇರ ಎದುರಿನ ರಿಮ್ ಕೂಡ ನೋಡಿ. ಅಂಚು ಎಬ್ಬಿಸುವ ಯಂತ್ರ ಬಿಲ್ಲೆಯನ್ನು ಎರಡೂ ಬದಿಯಿಂದ ಅದುಮುತ್ತದೆ; ಒಂದು ಬದಿಯಲ್ಲಿ ಲೋಹವೇ ಇಲ್ಲದಿದ್ದರೆ ಎದುರು ಬದಿಗೆ ಒತ್ತಡ ಸಿಗದೆ ರಿಮ್ ಸಪ್ಪೆಯಾಗಿ ಉಳಿಯುತ್ತದೆ. ಇದೇ ಬ್ಲೇಕ್ಸ್ಲೀ ಪರಿಣಾಮ.

ನಿಮ್ಮ ಅಳತೆಯಲ್ಲಿ ಒಂದು ಒಳ್ಳೆಯ ಸೂಚನೆ ಇದೆ. ಬಿಲ್ಲೆಯಷ್ಟೇ ದೊಡ್ಡ ಪಂಚ್ 3 ಮಿ.ಮೀ. ಒಳನುಗ್ಗಿದರೆ ಬಾಯಿ ಸುಮಾರು 12 ಬರುತ್ತದೆ. 10 ಮಿ.ಮೀ. ದಪ್ಪದ ದುಂಡು ಅರದಿಂದ ಅಷ್ಟೇ ಆಳ ತೆಗೆದಿದ್ದರೆ ಸುಮಾರು 8 ಮಾತ್ರ.

ಹಳೆಮುದ್ರೆ:
ಮೇಲಿನದಕ್ಕೆ ಒಂದು ತಿದ್ದುಪಡಿ. ಬ್ಲೇಕ್ಸ್ಲೀ ಇಲ್ಲ ಅಂದ ಮಾತ್ರಕ್ಕೆ ನಕಲಿ ಅನ್ನಬೇಡಿ. ಚಿಕ್ಕ ಕಡಿತಗಳಲ್ಲಿ ಅದು ಕಣ್ಣಿಗೆ ಬೀಳದೆಯೂ ಇರುತ್ತದೆ. ಪಕ್ಕದ ಅಕ್ಷರಗಳಲ್ಲಿ ಲೋಹ ಹರಿದಿರುವುದಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಎರಡನೆಯ ನಾಣ್ಯದ ಬಗ್ಗೆ: ಬೆಳಕನ್ನು ಒಂದೇ ಪಕ್ಕದಿಂದ, ತಗ್ಗಿನಿಂದ ಬಿಟ್ಟು ನಾಣ್ಯವನ್ನು ನಿಧಾನ ತಿರುಗಿಸಿ. ಜೋಡಿಯ ಎರಡನೇ ಭಾಗ ತಗ್ಗಾಗಿ, ಚಪ್ಪಟೆ ಮೆಟ್ಟಿಲಿನಂತೆ ಹೊಳೆಯುತ್ತಿದೆಯೇ? ಅಂಕಿ ತನ್ನ ಸಹಜ ದಪ್ಪಕ್ಕಿಂತ ತೆಳುವಾಗಿದೆಯೇ? ಹಾಗಿದ್ದರೆ ಅದು ಮೆಷೀನ್ ಡಬ್ಲಿಂಗ್. ಒತ್ತಿದ ತಕ್ಷಣ ಸಡಿಲವಿದ್ದ ಅಚ್ಚು ಜಾರಿ, ಆಗಷ್ಟೇ ಮೂಡಿದ ಅಂಕಿಯ ಬದಿಯನ್ನು ಕೆಳಕ್ಕೆ ತುಳಿದಿರುತ್ತದೆ. ಟಂಕಸಾಲೆಯೊಳಗೇ ಆದದ್ದಾದರೂ ಸಂಗ್ರಹಕಾರರು ಇದಕ್ಕೆ ಹೆಚ್ಚಿನ ಮೌಲ್ಯ ಕೊಡುವುದಿಲ್ಲ, ಯಾಕೆಂದರೆ ಇದು ತೀರಾ ಸಾಮಾನ್ಯ.

ಡಬಲ್ಡ್ ಡೈ ಬೇರೆ. ಅಲ್ಲಿ ಅಚ್ಚಿನಲ್ಲೇ ಎರಡು ಚಿತ್ರ ಕೂತಿರುತ್ತದೆ, ಆದ್ದರಿಂದ ಎರಡೂ ಉಬ್ಬಿ ದುಂಡಗಿರುತ್ತವೆ, ಅಕ್ಷರ ಅಗಲವಾಗುತ್ತದೆ, ಮೂಲೆಗಳು ಕವಲೊಡೆದಿರುತ್ತವೆ. ಅದೇ ಅಚ್ಚಿನ ಪ್ರತಿ ನಾಣ್ಯದಲ್ಲೂ ಅದೇ ಜೋಡಿ ಬರುತ್ತದೆ. 1955ರ ಅಮೆರಿಕದ ಸೆಂಟ್ ಪ್ರಸಿದ್ಧ ಉದಾಹರಣೆ, ಬರಿಗಣ್ಣಿಗೇ ಕಾಣುತ್ತದೆ. ಅದೇ ಇಸವಿಯಲ್ಲಿ ಸವೆದ ಅಚ್ಚಿನಿಂದ ಕೊನೆಯ 5 ಮಾತ್ರ ಜೋಡಿ ಕಾಣುವ ಸೆಂಟ್‌ಗಳೂ ಇವೆ. ಅವನ್ನೂ ಇದೇ ಹೆಸರಿನಲ್ಲಿ ಮಾರಲು ನೋಡುವವರಿದ್ದಾರೆ.

ಲೋಹಪರೀಕ್ಷೆ:
ಕಚ್ಚು, ಗೀರುಗಳಿಗೂ ಇದೇ ತರ್ಕ ನಡೆಯುತ್ತದೆ. ಉಬ್ಬಿದ ಗೆರೆ ಅಚ್ಚಿನ ಬಿರುಕಿನಿಂದ ಬಂದಿರಬಹುದು. ತಗ್ಗಾದ ಗೆರೆಯ ಎರಡೂ ದಡದಲ್ಲಿ ಲೋಹ ಏರಿ ನಿಂತಿದ್ದರೆ ಅದು ಗೀರು, ಚರ್ಚೆ ಬೇಡ. ಅಚ್ಚಿಗೂ ಬಿಲ್ಲೆಗೂ ನಡುವೆ ತಂತಿಯೋ ಬಟ್ಟೆಯೋ ಸಿಕ್ಕಿದ್ದರೆ ತಗ್ಗು ಇರುತ್ತದೆ, ದಡ ಏರುವುದಿಲ್ಲ, ಹಿಂಬದಿಯೂ ಉಬ್ಬುವುದಿಲ್ಲ.

ಉಲ್ಟಾ ಅಕ್ಷರದ ನಾಣ್ಯ ಕಂಡರೆ ಹುಷಾರು. ಎರಡು ನಾಣ್ಯಗಳನ್ನು ಬೆಂಚ್ ವೈಸ್‌ನಲ್ಲಿ ಅದುಮಿದರೆ ಒಂದರ ಗುರುತು ಇನ್ನೊಂದರ ಮೇಲೆ ಬೀಳುತ್ತದೆ, ಆದರೆ ಕೆಳಗಿನ ಮೂಲ ಚಿತ್ರ ಚಪ್ಪಟೆಯಾಗಿ ಅಲ್ಲೇ ಉಳಿದಿರುತ್ತದೆ. ಹಿಂದಿನ ನಾಣ್ಯ ಅಚ್ಚಿಗೆ ಅಂಟಿಕೊಂಡು ಮುಂದಿನ ಬಿಲ್ಲೆಯನ್ನು ಒತ್ತಿದಾಗ ಆಗುವ ಅಸಲಿ ಪೂರ್ಣ ಬ್ರೋಕೇಜ್‌ನಲ್ಲಿ ಆ ಮುಖದ ಮೇಲೆ ಉಲ್ಟಾ ಚಿತ್ರವೊಂದೇ ಇರುತ್ತದೆ.

ಬಣ್ಣ ನೋಡಿ ಮಾತ್ರ ಮೋಸ ಹೋಗಬೇಡಿ. 1943ರಲ್ಲಿ ಅಮೆರಿಕದ ಸೆಂಟ್ ಉಕ್ಕಿನದು, ತಪ್ಪಿ ತಾಮ್ರದಲ್ಲಿ ಬಂದವು ಅಪರೂಪ; ಆದರೆ 1943ರ ತಾಮ್ರದ ಸೆಂಟ್ ಎಂದು ಬರುವವುಗಳಲ್ಲಿ ಬಹಳಷ್ಟು ತಾಮ್ರ ಲೇಪಿಸಿದ ಉಕ್ಕಿನವು: ಅಯಸ್ಕಾಂತಕ್ಕೆ ಅಂಟುತ್ತವೆ, ತೂಕ 3.11ರ ಬದಲು 2.7 ಗ್ರಾಂ ಆಸುಪಾಸು. ಅಂಟದಿದ್ದರೆ ಕೊನೆಯ ಅಂಕಿ ನೋಡಿ, 1948ರ 8 ಅನ್ನು ಕೆತ್ತಿ 3 ಮಾಡಿದ್ದೂ ಇರುತ್ತದೆ.

ಕಾಸುಗಣ್ಣು:
ನೋಡಿದೆ. ಕಡಿತದ ಪಕ್ಕದ ಎರಡು ಅಕ್ಷರಗಳ ಬುಡ ಕಡಿತದ ಕಡೆಗೆ ಹರಡಿದೆ, ಎದುರಿನ ರಿಮ್ ಸಪ್ಪೆ. ಎರಡನೆಯದರಲ್ಲಿ ಹೊಳೆಯುವ ಮೆಟ್ಟಿಲು, ಅಂಕಿಗಳು ತೆಳು.

ಬಿಲ್ಲೆಗಾರ:
ಹಾಗಾದರೆ ಮೊದಲನೆಯದು ಅಸಲಿ ಕ್ಲಿಪ್. ತೊಳೆಯಲು, ಉಜ್ಜಲು ಹೋಗಬೇಡಿ, ಪಿವಿಸಿ ಇಲ್ಲದ ಹೋಲ್ಡರ್‌ನಲ್ಲಿಡಿ. ಎರಡನೆಯದು ಮೆಷೀನ್ ಡಬ್ಲಿಂಗ್, ಪರೀಕ್ಷೆಗೆ ಕಳಿಸಿ ದುಡ್ಡು ಕಳೆದುಕೊಳ್ಳಬೇಡಿ.