ರೂಮ್‌ಮೇಟ್ ಕಾಪಿ ಹೊಡೀತಿದ್ದಾಳೆ, ಹೇಳಲಾ ಬಿಡಲಾ?

ಹಾಸನದಲ್ಲಿ ಎಂ.ಕಾಂ. ಓದ್ತಿದೀನಿ. ನನ್ನ ರೂಮ್‌ಮೇಟ್ ಎರಡು ಸೆಮಿಸ್ಟರಿಂದ ಮೈಕ್ರೋ ಜೆರಾಕ್ಸ್ ಚೀಟಿ ತಗೊಂಡು ಹೋಗಿ ಬರೀತಾಳೆ. ಇಂಟರ್ನಲ್ಸ್‌ನಲ್ಲಿ ನಂಗೆ 14, ಅವಳಿಗೆ 19. ಈಗ ನನ್ನ ಪ್ರಾಜೆಕ್ಟ್ ರಿಪೋರ್ಟೂ ‘ಒಂಚೂರು ನೋಡ್ಲಿಕ್ಕೆ’ ಬೇಕಂತೆ. ಒಳ್ಳೆಯವಳೇ. ಬೆಳಿಗ್ಗೆ ಮೊದಲು ಎದ್ದವರು ಇಬ್ಬರ ಬಕೆಟ್ಟಿಗೂ ನೀರು ತುಂಬಿಸಿಡ್ತೀವಿ, ಅಷ್ಟು ಹೊಂದಾಣಿಕೆ. ಹೇಳಿದ್ರೆ ಚಾಡಿಕೋರಿ, ಹೇಳದಿದ್ರೆ ಹೊಟ್ಟೆಯೊಳಗೇ ಉರಿ. ನಿಮಗೆ ಹೀಗಾಗಿತ್ತಾ?

ಸಕಲೇಶಪುರದಿಂದ: ಡಿಗ್ರಿಲಿ ನಾನು ಕಾಪಿ ಹೊಡೆದವನ ಹೆಸರು ಬರೆದು ಕಂಪ್ಲೇಂಟ್ ಕೊಟ್ಟೆ. ಮಧ್ಯಾಹ್ನ ಕೊಟ್ಟ ಕಾಗದ, ಸಂಜೆ ಹೊತ್ತಿಗೆ ಹಾಸ್ಟೆಲ್‌ಗೆಲ್ಲ ಗೊತ್ತು. ಅವನ ಮೇಲೆ ಏನೂ ಆಗ್ಲಿಲ್ಲ, ಚೀಟಿ ಯಾವಾಗಲೋ ಚರಂಡಿ ಸೇರಿತ್ತು. ನಂಗೆ ಮಾತ್ರ ಆ ವರ್ಷ ಯಾರೂ ನೋಟ್ಸ್ ಕೊಡ್ಲಿಲ್ಲ. ಕೈಯಲ್ಲಿ ಚೀಟಿ ಇದ್ದಾಗ ಸಿಕ್ಕಿದ್ರೆ ಕೇಸು, ಆಮೇಲೆ ಹೇಳಿದ್ರೆ ಬರೀ ಜಗಳ.

ಒಬ್ಬರು: 14–19 ಅಂತ ಲೆಕ್ಕ ಇಟ್ಟಿದೀರಲ್ಲ, ಸ್ವಲ್ಪ ಹೊಟ್ಟೆಕಿಚ್ಚೂ ಇದೆ. ಇರ್ಲಿ ಬಿಡಿ, ತಪ್ಪಲ್ಲ.

ಅರಸೀಕೆರೆ, ನಿವೃತ್ತ ಮೇಷ್ಟ್ರು: ಮೂವತ್ತು ವರ್ಷ ಕೊಠಡಿ ಮೇಲ್ವಿಚಾರಣೆ ಮಾಡಿದವನು ಹೇಳ್ತೀನಿ ಕೇಳಮ್ಮ. 2024ರಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ವೆಬ್‌ಕಾಸ್ಟಿಂಗ್ ತಂದರು, ಅಂದ್ರೆ ಕೊಠಡಿಗೆ ಕ್ಯಾಮೆರಾ ಹಾಕಿ ದೂರದಿಂದಲೇ ನೋಡೋದು. ಹಿಂದಿನ ವರ್ಷ ಶೇ. 83.89 ಇದ್ದ ಫಲಿತಾಂಶ 73.40ಕ್ಕೆ ಇಳೀತು, ಅದೂ ಗ್ರೇಸ್ ಮಾರ್ಕ್ಸ್ ಶೇ. 10ರಿಂದ 20ಕ್ಕೆ ಏರಿಸಿದ ಮೇಲೆ! ಯಾವ ಮಗುವೂ ಪಕ್ಕದ ಮಗುವಿನ ಹೆಸರು ಹೇಳಬೇಕಾಗಿ ಬರಲಿಲ್ಲ. ನೀನೂ ಹೆಸರು ಬಿಡು. ‘ಪರೀಕ್ಷೆ ಹಿಂದಿನ ದಿನ ಜೆರಾಕ್ಸ್ ಅಂಗಡಿ ಮುಂದೆ ನಮ್ಮ ಕ್ಲಾಸಿನವರದೇ ಕ್ಯೂ ಸಾರ್, ಪರೀಕ್ಷೆ ರೂಮಲ್ಲಿ ಮೇಲ್ವಿಚಾರಕರು ಒಬ್ಬರೇ ಇರ್ತಾರೆ’ ಅಂತ ನಂಬಿಕೆಯ ಮೇಷ್ಟ್ರೊಬ್ಬರಿಗೆ ಹೇಳು. ಬೆಂಚು ಬದಲಾಯಿಸೋದು, ಬಾಗಿಲಲ್ಲಿ ತಪಾಸಣೆ ಮಾಡೋದು ಅವರ ಕೆಲಸ.

ಚಿಕ್ಕಮಗಳೂರು, ಉಪನ್ಯಾಸಕಿ: ಪ್ರಾಜೆಕ್ಟ್ ಮಾತ್ರ ಕೊಡಬೇಡಿ. ಸ್ನಾತಕೋತ್ತರ ಪ್ರಬಂಧಕ್ಕೂ ಯುಜಿಸಿಯ 2018ರ ಕೃತಿಚೌರ್ಯ ನಿಯಮ ಇದೆ. ಹೋಲಿಕೆ ಶೇ. 10ರವರೆಗೆ ಶಿಕ್ಷೆ ಇಲ್ಲ. 40ರವರೆಗೆ ತಿದ್ದಿ ಮತ್ತೆ ಕೊಡಬೇಕು, 60ರವರೆಗೆ ಒಂದು ವರ್ಷ ಕೊಡೋ ಹಾಗಿಲ್ಲ, ಅದಕ್ಕೂ ಮೇಲಾದ್ರೆ ನೋಂದಣಿಯೇ ರದ್ದು. ಎರಡು ರಿಪೋರ್ಟ್ ಒಂದೇ ಥರ ಬಂದಾಗ ಯಾರದ್ದು ಅಸಲಿ ಅಂತ ಸಾಫ್ಟ್‌ವೇರ್ ಹೇಳಲ್ಲ. ನೀವು ನಿಧಾನಕ್ಕೆ ಸಬ್ಮಿಟ್ ಮಾಡೋರಾದ್ರೆ ಕಳ್ಳಿ ನೀವೇ ಆಗ್ತೀರಿ.

ಚನ್ನರಾಯಪಟ್ಟಣದವನು, ಈಗ ಬೆಂಗಳೂರು: ನಾನು ಆ ಕಡೆಯವನು. ಜೆಲ್ ಪೆನ್ನಲ್ಲಿ ಬರೆದ ಚೀಟಿ ಸಾಕ್ಸಲ್ಲಿಟ್ಟಿದ್ದೆ. ಬೆವರಿಗೆ ಶಾಯಿ ಕಾಲಿಗೆ ಹತ್ತಿ, ಫಾರ್ಮುಲಾ ಎಲ್ಲ ಕನ್ನಡಿಯೊಳಗಿನ ಹಾಗೆ ಉಲ್ಟಾ ಮೂಡಿತ್ತು. ಎರಡು ದಿನ ತಿಕ್ಕಿದರೂ ಹೋಗ್ಲಿಲ್ಲ. ಗೆಳೆಯ ನೋಡಿದವನೇ, ‘ಮುಂದಿನ ಪೇಪರಿಗೂ ತಂದ್ರೆ ನಾನೇ ಎದ್ದು ನಿಂತು ಹೇಳ್ತೀನಿ’ ಅಂದ. ಅವನು ಹೇಳೋ ಪೈಕಿನೇ. ಚೀಟಿ ಬಿಟ್ಟೆ, ಒಂದು ಬ್ಯಾಕ್ ಉಳೀತು, ಎಂಟು ತಿಂಗಳು ಅವನ ಜೊತೆ ಮಾತಾಡ್ಲಿಲ್ಲ. ನನ್ನ ಮದುವೆ ಊಟಕ್ಕೆ ಬಡಿಸಿದ್ದು ಅವನೇ.

ಕೇಳಿದವಳು: ಎಲ್ರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಅವಳಿಗೇ ಹೇಳಿದೆ. ಪ್ರಾಜೆಕ್ಟ್ ಕೊಡಲ್ಲ ಅಂತಲೂ, ಗುರುವಾರ ಚೀಟಿ ಕಂಡ್ರೆ ಸುಮ್ನಿರಲ್ಲ ಅಂತಲೂ. ಏನೂ ಮಾತಾಡದೆ ಗೋಡೆ ಕಡೆ ತಿರುಗಿ ಮಲಗಿದ್ಳು. ಇವತ್ತು ಬೆಳಿಗ್ಗೆ ಒಂದೇ ಬಕೆಟ್ ತುಂಬಿತ್ತು.